ಡಿಸ್ಕ್ ಬ್ರೇಕ್ ರೋಡ್ ಸೈಕಲ್ ಜೋಡಿಸುವ ಮೊದಲು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೈಲು ಮುಹೂರ್ತ ಕಳೆದು ಮಳೆ ಸ್ವಲ್ಪ ಹಿಂದೆ ಸರಿಯಿತು ಅಂದರೆ ನನ್ನ ಫೋನ್ ಶುರುವಾಗುತ್ತದೆ. "ಅಣ್ಣಾ, ಒಂದು ಫ್ರೇಮ್ ನೋಡಿದ್ದೇನೆ, ಫೋಟೋ ಕಳಿಸಿದ್ದೇನೆ, ತಗೊಳ್ಳಲಾ?" ಬ್ರೇಕ್ ಯಾವುದು ಹಾಕುತ್ತೀಯ ಅಂತ ಕೇಳಿದರೆ, ಅದು ಆಮೇಲೆ ನೋಡೋಣ ಅನ್ನುತ್ತಾರೆ. ಬಣ್ಣ ಮಾತ್ರ ಆಗಲೇ ಇಷ್ಟವಾಗಿರುತ್ತದೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಅಂಗಡಿ ಇಟ್ಟವನಲ್ಲ. ಮನೆ ಹಿಂದಿನ ಕಾಫಿ ಗೋಡೌನಿನ ಒಂದು ಮೂಲೆಯಲ್ಲಿ ನನ್ನ ಸೈಕಲ್, ಸ್ನೇಹಿತರ ಸೈಕಲ್ ಬಿಚ್ಚಿ ಜೋಡಿಸುತ್ತೇನೆ, ಅಷ್ಟೆ. ತಪ್ಪುಗಳನ್ನೆಲ್ಲ ನನ್ನ ದುಡ್ಡಲ್ಲೇ ಮಾಡಿದ್ದೇನೆ.

ಕೊಡಗಿನಲ್ಲಿ ಡಿಸ್ಕ್ ಬೇಕೇ ಬೇಕಾ? ರಿಮ್ ಬ್ರೇಕ್ ಸಾಲದಾ?

ಜನವರಿಯಿಂದ ಮೇ ತನಕ ಮಾತ್ರ ಓಡಿಸುವವರಿಗೆ ರಿಮ್ ಬ್ರೇಕ್ ಧಾರಾಳ ಸಾಕು. ಹಗುರ, ಅಗ್ಗ, ಎಲ್ಲಿ ಬೇಕಾದರೂ ರಿಪೇರಿ ಆಗುತ್ತದೆ. ತೊಂದರೆ ಇರುವುದು ಜೂನ್ ಬಂದ ಮೇಲೆ. ಒದ್ದೆ ರಿಮ್ ಮೇಲೆ ಬ್ರೇಕ್ ಹಿಡಿದರೆ ಚಕ್ರದ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಆಮೇಲೆ ಹಿಡಿತ ಸಿಗುತ್ತದೆ. ಅಷ್ಟರಲ್ಲಿ ತಿರುವು ಬಂದಿರುತ್ತದೆ. ಜೊತೆಗೆ ನಮ್ಮ ಕೆಂಪು ಮಣ್ಣು. ಅದು ಬ್ರೇಕ್ ಶೂಗೆ ಅಂಟಿಕೊಂಡು ಮರಳು ಕಾಗದದ ಹಾಗೆ ರಿಮ್ಮನ್ನು ಉಜ್ಜುತ್ತದೆ. ಮಳೆಗಾಲ ಮುಗಿದ ಮೇಲೆ ರಿಮ್ ಮೇಲೆ ಬೆರಳಾಡಿಸಿ ನೋಡಿ, ಒಳಕ್ಕೆ ತಗ್ಗಿರುವುದು ಗೊತ್ತಾಗುತ್ತದೆ.

ಇನ್ನು ಬಿಸಿ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಹೆಚ್ಚುಕಮ್ಮಿ 1000 ಮೀಟರ್ ಕೆಳಗೆ ಬರುತ್ತೀರಿ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 85 ಕಿಲೋ ಅಂದುಕೊಳ್ಳಿ. ಅಷ್ಟು ತೂಕ ಅಷ್ಟು ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 8.3 ಲಕ್ಷ ಜೂಲ್. ಎರಡೂವರೆ ಲೀಟರ್ ತಣ್ಣೀರನ್ನು ಕುದಿಸುವಷ್ಟು. ಮನೆ ಮಂದಿಗೆಲ್ಲ ಕಾಫಿ ಆಯಿತು ಅನ್ನಿ. ಅದರಲ್ಲಿ ದೊಡ್ಡ ಪಾಲು ಗಾಳಿಗೆ ಹೋಗುತ್ತದೆ ನಿಜ, ಆದರೆ ಲಾರಿ ಹಿಂದೆ ಸಿಕ್ಕಿಕೊಂಡು ಮೆಲ್ಲಗೆ ಇಳಿದರೆ ಜಾಸ್ತಿ ಪಾಲು ಬ್ರೇಕಿಗೇ ಬರುತ್ತದೆ. ರಿಮ್ ಬ್ರೇಕಿನಲ್ಲಿ ಆ ಬಿಸಿ ಟ್ಯೂಬಿನ ಪಕ್ಕದಲ್ಲೇ ಕೂರುತ್ತದೆ. ಡಿಸ್ಕಿನಲ್ಲಿ ಟೈರಿನಿಂದ ದೂರ, ಚಕ್ರದ ನಡುವಿನ ಹಬ್ಬಿನ ಹತ್ತಿರದ ಉಕ್ಕಿನ ತಟ್ಟೆಗೆ, ಅಂದರೆ ರೋಟರಿಗೆ ಹೋಗುತ್ತದೆ. ಕಾರ್ಬನ್ ರಿಮ್ ಇದ್ದವರಂತೂ ಘಾಟಿಗೆ ರಿಮ್ ಬ್ರೇಕ್ ಆಸೆ ಬಿಟ್ಟುಬಿಡಿ.

ರೇಸಿನವರೇ ಮೊದಲು ಡಿಸ್ಕ್ ಬೇಡ ಅಂದಿದ್ದರಲ್ಲ?

ಹೌದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2015ರಲ್ಲಿ ಪ್ರಯೋಗ ಶುರು ಮಾಡಿತು. 2016ರ ಪ್ಯಾರಿಸ್–ರೂಬೇ ರೇಸಿನಲ್ಲಿ ಫ್ರಾನ್ ವೆಂಟೋಸೊ ಕಾಲಿಗೆ ಏಟಾಗಿ, ಅದು ರೋಟರಿನಿಂದಲೇ ಆದದ್ದು ಅಂತ ಅವರು ಹೇಳಿದ ಮೇಲೆ ಪ್ರಯೋಗ ನಿಂತಿತು. ಕೊನೆಗೆ 2018ರ ಜುಲೈನಿಂದ ಪೂರ್ತಿ ಒಪ್ಪಿಗೆ ಸಿಕ್ಕಿತು. ನೂರೈವತ್ತು ಜನ ಒಬ್ಬರಿಗೊಬ್ಬರು ಅಂಟಿಕೊಂಡು ಓಡಿಸುವವರ ಚಿಂತೆ ಅದು. ನಮ್ಮ ಎಸ್ಟೇಟ್ ರಸ್ತೆಯಲ್ಲಿ ಎದುರಿಗೆ ಬರುವುದು ಜೀಪು, ಇಲ್ಲವೇ ದನ.

ಮೊದಲು ಫ್ರೇಮ್ ತಗೊಳ್ಳಬೇಕಾ, ಬ್ರೇಕಾ?

ಬ್ರೇಕ್ ಮೊದಲು ತೀರ್ಮಾನ ಮಾಡಿ. ತಗೊಳ್ಳುವುದು ಬೇರೆ, ತೀರ್ಮಾನ ಮಾಡುವುದು ಬೇರೆ. ನೀವು ಓಡಿಸುವ ರಸ್ತೆ ನೋಡಿ ಟೈರ್ ಅಗಲ ಗೊತ್ತು ಮಾಡಿಕೊಳ್ಳಿ. ಮಳೆಯಲ್ಲಿ ಓಡಿಸುತ್ತೀರಾ ಇಲ್ಲವಾ, ಮನೆಯಲ್ಲಿ ಯಾರು ರಿಪೇರಿ ಮಾಡುತ್ತಾರೆ ಅಂತ ನೋಡಿ ಕೇಬಲ್ಲೋ (ವೈರ್ ಎಳೆಯುವುದು) ಹೈಡ್ರಾಲಿಕ್ಕೋ (ಪೈಪಿನೊಳಗಿನ ಎಣ್ಣೆ ಒತ್ತುವುದು) ತೀರ್ಮಾನಿಸಿ. ಅಲ್ಲಿಂದ ಲಿವರ್ ಯಾವುದು, ಗೇರ್ ಎಷ್ಟು ಅನ್ನುವುದು ತಾನಾಗಿ ಬರುತ್ತದೆ. ಇದೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡ ಮೇಲೆ ಫ್ರೇಮ್ ಹುಡುಕಿ. ಆಗ ನೂರು ಫ್ರೇಮಿನಲ್ಲಿ ತೊಂಬತ್ತು ತಾವೇ ಬಿದ್ದುಹೋಗುತ್ತವೆ. ಉಳಿದ ಹತ್ತರಲ್ಲಿ ಬಣ್ಣ ನೋಡಿ, ಬೇಡ ಅನ್ನುವುದಿಲ್ಲ.

ನನ್ನ ಹಳೇ ರಿಮ್ ಬ್ರೇಕ್ ಫ್ರೇಮಿಗೇ ಡಿಸ್ಕ್ ಹಾಕಿಸಬಹುದಾ?

ಬೇಡ. ರಿಮ್ ಬ್ರೇಕ್ ಎಳೆಯುವುದು ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಮೇಲ್ಭಾಗವನ್ನು. ಡಿಸ್ಕ್ ಎಳೆಯುವುದು ಫೋರ್ಕಿನ ಎಡಗಾಲಿನ ತುದಿಯನ್ನು. ಆ ಕಾಲು ಅದಕ್ಕೆ ತಕ್ಕ ಗಟ್ಟಿ ಇರುವುದಿಲ್ಲ. ಕ್ಲಾಂಪ್ ಹಾಕಿ ಕೂರಿಸುವ ಅಡಾಪ್ಟರ್ ಮಾರುತ್ತಾರೆ, ವೆಲ್ಡಿಂಗ್ ಮಾಡಿ ಕೊಡುತ್ತೇನೆ ಅನ್ನುವವರೂ ಸಿಗುತ್ತಾರೆ. ಗೇಟಿಗೆ ವೆಲ್ಡಿಂಗ್ ಮಾಡಿಸಿ, ಫೋರ್ಕಿಗೆ ಬೇಡ.

ಕೇಬಲ್ ಡಿಸ್ಕಾ, ಹೈಡ್ರಾಲಿಕ್ಕಾ?

ಅತಿ ಜಾಸ್ತಿ ಕೇಳುವ ಪ್ರಶ್ನೆ ಇದೇ. ನನ್ನ ಮಟ್ಟಿಗೆ ಉತ್ತರ ಹೈಡ್ರಾಲಿಕ್, ದುಡ್ಡು ಸಾಲದಿದ್ದರೆ ಒಳ್ಳೆಯ ಕೇಬಲ್ ಡಿಸ್ಕ್. ಕೆಟ್ಟ ಕೇಬಲ್ ಡಿಸ್ಕ್ ಮಾತ್ರ ಯಾವತ್ತೂ ಬೇಡ, ಅದಕ್ಕಿಂತ ರಿಮ್ ಬ್ರೇಕೇ ವಾಸಿ.

ಕಾರಣ ಹೇಳುತ್ತೇನೆ. ತಲಕಾವೇರಿಯಿಂದ ಭಾಗಮಂಡಲಕ್ಕೆ ಎಂಟು ಕಿಲೋಮೀಟರ್ ಇಳಿಜಾರು. ಮಳೆಯಲ್ಲಿ, ಮಂಜಿನಲ್ಲಿ, ಎದುರಿಗೆ ಬರುವ ಬಸ್ಸಿನ ಲೈಟ್ ಮಾತ್ರ ಕಾಣುವಾಗ, ಬೆರಳು ಮರಗಟ್ಟಿರುತ್ತದೆ. ಕೇಬಲ್ ಬ್ರೇಕನ್ನು ನಾಲ್ಕು ಬೆರಳಲ್ಲಿ ಹಿಂಡಬೇಕು. ಹೈಡ್ರಾಲಿಕ್ ಆದರೆ ಒಂದೆರಡು ಬೆರಳು ಸಾಕು, ಉಳಿದ ಬೆರಳು ಹ್ಯಾಂಡಲ್ ಹಿಡಿದಿರುತ್ತವೆ. ಇನ್ನೊಂದು, ರೋಟರನ್ನು ಹಿಡಿಯುವ ಪ್ಯಾಡ್ ಸವೆದ ಹಾಗೆ ಹೈಡ್ರಾಲಿಕ್ ತಾನೇ ಮುಂದೆ ಬರುತ್ತದೆ. ಕೇಬಲ್ಲಿನಲ್ಲಿ ನೀವೇ ತಿರುಪಿ ಹತ್ತಿರ ತರಬೇಕು. ಕೆಸರಿನ ದಿನ ಒಂದೇ ಸವಾರಿಯಲ್ಲಿ ಪ್ಯಾಡ್ ಎಷ್ಟು ಸವೆಯುತ್ತದೆ ಅಂದರೆ, ಬೆಳಿಗ್ಗೆ ಸರಿ ಇದ್ದ ಲಿವರ್ ಮಧ್ಯಾಹ್ನ ಹ್ಯಾಂಡಲ್ಲಿಗೆ ತಾಗಿದ್ದನ್ನು ನಾನೇ ನೋಡಿದ್ದೇನೆ.

ಕೇಬಲ್ಲಿನ ಪರವಾಗಿಯೂ ಹೇಳಬೇಕು. ಕುಟ್ಟದಂಥ ಊರಲ್ಲಿ ವೈರ್ ಹರಿದರೆ ಯಾವುದೋ ಸೈಕಲ್ ಶಾಪಿನಲ್ಲಿ ವೈರ್ ಸಿಗುತ್ತದೆ, ಅಲ್ಲೇ ಹಾಕಿಕೊಂಡು ಬರಬಹುದು. ಹೈಡ್ರಾಲಿಕ್ ಪೈಪ್ ಕಿತ್ತುಹೋದರೆ ಆ ದಿನದ ಆಟ ಮುಗಿಯಿತು, ಜೀಪಿಗೆ ಕೈ ಅಡ್ಡ ಹಾಕಬೇಕು. ಆದರೆ ಪೈಪ್ ಕಿತ್ತುಹೋಗುವುದು ಅಪರೂಪ, ಕೇಬಲ್ಲಿನೊಳಗೆ ಕೆಸರು ಹೋಗುವುದು ಪ್ರತಿ ಮಳೆಗಾಲದ ಕಥೆ.

ಕೇಬಲ್ಲೇ ಹಾಕುತ್ತೇನೆ. ಯಾವುದು ನೋಡಲಿ?

ಎರಡೂ ಕಡೆಯಿಂದ ಪ್ಯಾಡ್ ಒತ್ತುವಂಥದ್ದು. ಟಿಆರ್‌ಪಿ ಕಂಪನಿಯ ಸ್ಪೈರ್ ಆ ಜಾತಿಯದು. ಏವಿಡ್ ಬಿಬಿ7ನಂಥವುಗಳಲ್ಲಿ ಒಂದೇ ಕಡೆಯ ಪ್ಯಾಡ್ ಬಂದು ರೋಟರನ್ನು ಇನ್ನೊಂದು ಪ್ಯಾಡಿಗೆ ಬಗ್ಗಿಸಿ ಒತ್ತುತ್ತದೆ. ಅದೂ ಕೆಲಸ ಮಾಡುತ್ತದೆ, ಸರಿಯಾಗಿ ಕೂರಿಸಿದರೆ ಚೆನ್ನಾಗೇ ಹಿಡಿಯುತ್ತದೆ. ಆದರೆ ಬಿಬಿ7ನಲ್ಲಿ ರೋಡ್ ಮಾದರಿ ಬೇರೆ, ಮೌಂಟನ್ ಮಾದರಿ ಬೇರೆ. ರೋಡ್ ಲಿವರ್ ಎಳೆಯುವ ವೈರ್ ಉದ್ದ ಕಡಿಮೆ, ಮೌಂಟನ್ ಲಿವರ್ ಎಳೆಯುವುದು ಜಾಸ್ತಿ. ರೋಡ್ ಲಿವರಿಗೆ ಮೌಂಟನ್ ಕ್ಯಾಲಿಪರ್ (ಪ್ಯಾಡ್ ಒತ್ತುವ ಭಾಗ) ಹಾಕಿದರೆ ಲಿವರ್ ಹ್ಯಾಂಡಲ್ಲಿಗೆ ತಾಗಿದರೂ ಬ್ರೇಕ್ ಹಿಡಿಯುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ತಂದವರು ಇಬ್ಬರು ನನಗೆ ಗೊತ್ತು.

ಹೊರಕೇಬಲ್ ಒತ್ತಿದರೆ ಕುಗ್ಗದಂಥ ಗಟ್ಟಿ ಮಾದರಿಯದನ್ನೇ ಹಾಕಿ. ಅರ್ಧ ಸುಧಾರಣೆ ಅದರಲ್ಲೇ ಇದೆ.

ನಡುವಿನ ದಾರಿಯೂ ಒಂದಿದೆ. ಲಿವರಿನಿಂದ ವೈರ್ ಬರುತ್ತದೆ, ಕ್ಯಾಲಿಪರ್ ಒಳಗೆ ಮಾತ್ರ ಎಣ್ಣೆ. ಟಿಆರ್‌ಪಿ ಹೈ/ಆರ್‌ಡಿ ಅಂಥದ್ದು. ಹಳೇ ಲಿವರ್ ಉಳಿಸಿಕೊಳ್ಳಬೇಕು ಅನ್ನುವವರಿಗೆ ಇದು ಒಳ್ಳೆಯದು. ಶಿಮಾನೊ ಕಂಪನಿಯ ಕ್ಲಾರಿಸ್ ಆರ್2000, ಸೋರಾ ಆರ್3000 ಲಿವರ್ ಇದ್ದವರಿಗೆ ಆ ಸರಣಿಯಲ್ಲೇ ಹೈಡ್ರಾಲಿಕ್ ಲಿವರ್ ಇಲ್ಲ. ಟಿಯಾಗ್ರಾ 4700 ಸರಣಿಗೆ, ಅಂದರೆ 10 ಸ್ಪೀಡಿಗೆ (ಹಿಂದೆ ಹತ್ತು ಗೇರ್) ಬಂದರೆ ಸಿಗುತ್ತದೆ. ಜಿಆರ್‌ಎಕ್ಸ್ 400 ಕೂಡ 10 ಸ್ಪೀಡ್. 105 ಆರ್7000 ಆದರೆ 11.

ಮಿನರಲ್ ಎಣ್ಣೆ, ಡಾಟ್ ಎಣ್ಣೆ ಅಂದರೇನು? ಬೈಕಿನ ಬ್ರೇಕ್ ಆಯಿಲ್ ಹಾಕಬಹುದಾ?

ಶಿಮಾನೊಗೆ ಮಿನರಲ್ ಎಣ್ಣೆ. ಸ್ರಾಮ್ ರೋಡ್ ಬ್ರೇಕಿಗೆ ಡಾಟ್ 5.1 ಅಥವಾ ಡಾಟ್ 4. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲ್ ಹಾಳಾಗುತ್ತದೆ, ಆಮೇಲೆ ಇಡೀ ಬ್ರೇಕೇ ಬದಲಾಯಿಸಬೇಕು. ಡಾಟ್ 4 ಯಾವ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ, ಅದೊಂದು ಅನುಕೂಲ. ಡಾಟ್ 5 ಅಂತ ಬರೆದದ್ದು ಸಿಲಿಕೋನಿನದು, ಅದು ಬೇರೆಯೇ, ತಗೊಳ್ಳಬೇಡಿ. ಡಾಟ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ನಮ್ಮಲ್ಲಿ ಜುಲೈನಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬದಲಾಯಿಸಿ, ತೆರೆದ ಬಾಟಲಿ ಇಟ್ಟುಕೊಳ್ಳಬೇಡಿ. ಫ್ರೇಮ್ ಮೇಲೆ ಚೆಲ್ಲಿದರೆ ಪೇಂಟ್ ಕಿತ್ತುಬರುತ್ತದೆ.

ಮನೆಯಲ್ಲೇ ಬ್ಲೀಡ್ (ಪೈಪಿನ ಗಾಳಿ ತೆಗೆದು ಎಣ್ಣೆ ತುಂಬಿಸುವುದು) ಮಾಡುವವರಿಗೆ ನನ್ನ ಆಯ್ಕೆ ಮಿನರಲ್. ಕೈಗೆ ಅಂಟಿದರೂ ಗಾಬರಿ ಇಲ್ಲ.

ಫ್ಲಾಟ್ ಮೌಂಟ್, ಪೋಸ್ಟ್ ಮೌಂಟ್, ಇದೇನು ಗೊಂದಲ?

ಕ್ಯಾಲಿಪರ್ ಫ್ರೇಮಿಗೆ ಕೂರುವ ರೀತಿ. ಪೋಸ್ಟ್ ಮೌಂಟ್ ಹಳೆಯದು, ಮೌಂಟನ್ ಸೈಕಲ್ಲಿನಿಂದ ಬಂದದ್ದು. ಎರಡು ಗೂಟ ಎದ್ದು ನಿಂತಿರುತ್ತವೆ, ಅದಕ್ಕೆ ಬೋಲ್ಟ್. ಫ್ಲಾಟ್ ಮೌಂಟ್ ಶಿಮಾನೊ 2014ರಲ್ಲಿ ತಂದದ್ದು. ಕ್ಯಾಲಿಪರ್ ಚೈನ್‌ಸ್ಟೇ (ಹಿಂದಿನ ಚಕ್ರಕ್ಕೆ ಹೋಗುವ ಕೆಳಗಿನ ಕೊಳವೆ) ಮೇಲೆ ಚಪ್ಪಟೆಯಾಗಿ ಕೂರುತ್ತದೆ, ಬೋಲ್ಟ್ ಕೆಳಗಿನಿಂದ ಬರುತ್ತದೆ. ಈಗ ಬರುವ ರೋಡ್ ಫ್ರೇಮ್ ಹೆಚ್ಚುಕಮ್ಮಿ ಎಲ್ಲ ಫ್ಲಾಟ್ ಮೌಂಟೇ. ಹೊಸದಾಗಿ ಜೋಡಿಸುವವರು ಅದನ್ನೇ ತಗೊಳ್ಳಿ. ಅಡಾಪ್ಟರ್ ಹಾಕಿ ಅದಕ್ಕಿದು ಇದಕ್ಕದು ಕೂರಿಸಬಹುದು, ಆದರೆ ಹಿಂದಿನ ಚಕ್ರದ ಹತ್ತಿರ ಜಾಗ ಸಾಲದೆ ಗೋಳಾಗುತ್ತದೆ.

ಹಿಂದಿನ ಬೋಲ್ಟ್ ಉದ್ದ ಚೈನ್‌ಸ್ಟೇ ದಪ್ಪಕ್ಕೆ ತಕ್ಕಂತೆ ಇರಬೇಕು. ಗಿಡ್ಡ ಆದರೆ ಥ್ರೆಡ್ ಹಿಡಿಯುವುದಿಲ್ಲ, ಉದ್ದ ಆದರೆ ಕ್ಯಾಲಿಪರ್ ಕೂರುವುದಿಲ್ಲ. ಫ್ರೇಮ್ ಕೊಳ್ಳುವಾಗಲೇ ಮಾರುವವರ ಹತ್ತಿರ ದಪ್ಪ ಎಷ್ಟು ಮಿಲಿಮೀಟರ್ ಅಂತ ಕೇಳಿಟ್ಟುಕೊಳ್ಳಿ. ಮೌಂಟ್ ಮೇಲೆ ಪೇಂಟಿನ ಉಂಡೆ ಇದ್ದರೆ ಕ್ಯಾಲಿಪರ್ ಓರೆ ಕೂತು ಒಂದು ಮೂಲೆ ರೋಟರಿಗೆ ತಾಗುತ್ತಲೇ ಇರುತ್ತದೆ, ಎಷ್ಟು ತಿರುಪಿದರೂ ಸರಿಹೋಗುವುದಿಲ್ಲ. ಅದನ್ನು ಸಮ ಮಾಡುವ ಟೂಲ್ ಬೇರೆ ಇದೆ. ಅರ ಹಿಡಿದು ಕೈಯಲ್ಲಿ ಉಜ್ಜಲು ಹೋಗಬೇಡಿ.

ಥ್ರೂ ಆಕ್ಸಲ್ಲೇ ಬೇಕಾ? ಹಳೇ ಕ್ವಿಕ್ ರಿಲೀಸ್ ಆಗಲ್ವಾ?

ಇವು ಚಕ್ರ ಹಿಡಿದಿಡುವ ಎರಡು ಬಗೆ: ಕ್ವಿಕ್ ರಿಲೀಸಿನಲ್ಲಿ ತೆರೆದ ಬಾಯಿಗೆ ಕೂರಿಸಿ ಬಿಗಿ ಮಾಡುವುದು, ಥ್ರೂ ಆಕ್ಸಲ್ಲಿನಲ್ಲಿ ದಪ್ಪ ಅಚ್ಚು ತೂರಿಸಿ ತಿರುಪುವುದು. ಹಳೆಯದೂ ಆಗುತ್ತದೆ, ಆದರೆ ಹೊಸದಾಗಿ ದುಡ್ಡು ಹಾಕುವಾಗ ಯಾಕೆ? ಡಿಸ್ಕ್ ಮುಂದಿನ ಚಕ್ರವನ್ನು ಕೆಳಕ್ಕೆ, ಫೋರ್ಕಿನ ಬಾಯಿಯಿಂದ ಹೊರಕ್ಕೆ ತಳ್ಳುತ್ತದೆ. ಕ್ವಿಕ್ ರಿಲೀಸ್ ಸಡಿಲ ಇದ್ದರೆ ಇಳಿಜಾರಿನಲ್ಲಿ ಅದು ತಮಾಷೆಯಲ್ಲ. ಜೊತೆಗೆ ಪ್ರತಿ ಸಲ ಚಕ್ರ ಹಾಕುವಾಗ ಕೂದಲೆಳೆ ಆಚೀಚೆ ಕೂತು ರೋಟರ್ ಉಜ್ಜುತ್ತದೆ. ಥ್ರೂ ಆಕ್ಸಲ್ ತೂತಿನೊಳಗೆ ಹೋಗುವುದರಿಂದ ಎಷ್ಟು ಸಲ ಬಿಚ್ಚಿದರೂ ಅದೇ ಜಾಗಕ್ಕೆ ಬರುತ್ತದೆ.

ಈಗಿನ ರೋಡ್ ಸೈಕಲ್ಲಿಗೆ ಮುಂದೆ 12×100, ಹಿಂದೆ 12×142 (ಆಕ್ಸಲ್ ದಪ್ಪ × ಹಬ್ ಅಗಲ, ಮಿಲಿಮೀಟರಿನಲ್ಲಿ). ಹಳೇ ಕೆಲವು ಫೋರ್ಕ್ 15×100 ಇರುತ್ತವೆ, ಅದಕ್ಕೆ ಈಗ ಚಕ್ರ ಹುಡುಕುವುದು ಕಷ್ಟ. ಅಳತೆ ಸರಿ ಇದ್ದರೆ ಸಾಲದು, ಥ್ರೆಡ್ ಕೂಡ ನೋಡಬೇಕು. 12 ಮಿಲಿಮೀಟರ್ ಆಕ್ಸಲ್ಲಿನಲ್ಲೇ 1.0, 1.5, 1.75 ಅಂತ ಮೂರು ಬಗೆ ಥ್ರೆಡ್ ಇವೆ. ಉದ್ದವೂ ಒಂದೊಂದು ಫ್ರೇಮಿಗೆ ಒಂದೊಂದು.

ನನಗಿದು ತಿಳಿದದ್ದು ಹೀಗೆ. ಮೈಸೂರಿನಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಫ್ರೇಮ್ ತಂದೆ. ಹಿಂದಿನ ಆಕ್ಸಲ್ ಇರಲಿಲ್ಲ. "ಅದೆಲ್ಲ ಕಡೆ ಸಿಗುತ್ತೆ ಸಾರ್" ಅಂದರು. ನಾನೂ ತಲೆಯಾಡಿಸಿದೆ. ಆನ್‌ಲೈನಿನಲ್ಲಿ ತರಿಸಿದ ಮೊದಲ ಆಕ್ಸಲ್ ಉದ್ದ ಸರಿ, ಎರಡು ಸುತ್ತು ತಿರುಗಿ ನಿಂತಿತು. 1.75. ಬೇಕಿದ್ದದ್ದು 1.5. ಗ್ರೀಸ್ ಕಡಿಮೆಯಾಗಿರಬೇಕು ಅಂತ ಇನ್ನೂ ಸ್ವಲ್ಪ ಒತ್ತಿ ತಿರುಗಿಸಿದ್ದು ನನ್ನ ಬುದ್ಧಿವಂತಿಕೆ. ಥ್ರೆಡ್ಡಿನ ಮೊದಲ ಸುತ್ತು ಮಡಚಿಕೊಂಡಿತು. ಸರಿಯಾದ ಆಕ್ಸಲ್ ಬರುವ ತನಕ ಎರಡು ವಾರ ಫ್ರೇಮ್ ಗೋಡೌನಿನ ಜಂತೆಗೆ ನೇತಾಡಿತು, ಕೆಳಗೆ ರೊಬಸ್ಟಾ ಚೀಲ, ಮೇಲೆ ಫ್ರೇಮ್. ಅವ್ವ ದಿನಾ ಕೇಳುತ್ತಿದ್ದರು, ಇದನ್ನು ಒಣಗಿಸಲು ಹಾಕಿದ್ದೀಯಾ ಅಂತ.

ರೋಟರ್ 140 ಸಾಕಾ, 160 ಬೇಕಾ?

ಮುಂದೆ 160 ಮಿಲಿಮೀಟರ್ ಅಡ್ಡಳತೆಯದು, ಚರ್ಚೆ ಇಲ್ಲ. ಹಿಂದೆ, ನೀವು ತೆಳ್ಳಗಿದ್ದು ಚೀಲ ಏನೂ ಹೊರುವುದಿಲ್ಲ ಅಂದರೆ 140 ಆದೀತು. ನಾನು ಎರಡೂ ಕಡೆ 160 ಹಾಕುತ್ತೇನೆ, ಒಂದೇ ಸ್ಪೇರ್ ಇಟ್ಟುಕೊಂಡರೆ ಸಾಕಲ್ಲ. ಫ್ರೇಮ್, ಫೋರ್ಕ್ ಎಷ್ಟರ ತನಕ ಒಪ್ಪುತ್ತದೆ ಅಂತ ನೋಡಿಕೊಳ್ಳಿ, ಅದಕ್ಕಿಂತ ದೊಡ್ಡದು ಹಾಕಬೇಡಿ. ಶಿಮಾನೊ ರೋಟರ್ ಹೊಸದಿರುವಾಗ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಇಳಿದರೆ ಬಿಸಾಡಬೇಕು. ಮಳೆಗಾಲ ಪೂರ್ತಿ ಓಡಿಸುವವರು ವರ್ಷಕ್ಕೊಮ್ಮೆ ಅಳೆದು ನೋಡಿ.

ಸೆಂಟರ್‌ಲಾಕ್ ಹಬ್ಬಾ, ಆರು ಬೋಲ್ಟಿನದಾ?

ಸೆಂಟರ್‌ಲಾಕ್ (ನಡುವೆ ಒಂದೇ ರಿಂಗ್ ತಿರುಪಿ ರೋಟರ್ ಬಿಗಿಯುವ) ಹಬ್ಬಿಗೆ ಅಡಾಪ್ಟರ್ ಹಾಕಿ ಆರು ಬೋಲ್ಟಿನ ರೋಟರ್ ಕೂರಿಸಬಹುದು. ಉಲ್ಟಾ ಆಗುವುದಿಲ್ಲ. ಆದ್ದರಿಂದ ಸೆಂಟರ್‌ಲಾಕ್.

ಅಲ್ಯೂಮಿನಿಯಂ, ಸ್ಟೀಲ್, ಕಾರ್ಬನ್: ಯಾವ ಫ್ರೇಮ್?

ಮೊದಲ ಸಲ ಜೋಡಿಸುವವರಿಗೆ ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್. ತುಕ್ಕಿಲ್ಲ, ಬೆಲೆ ಕೈಗೆಟುಕುತ್ತದೆ, ಗೇಟಿಗೆ ಒರಗಿಸಿದರೂ ಎದೆ ಹೊಡೆದುಕೊಳ್ಳುವುದಿಲ್ಲ. ಗಡುಸು ಅನ್ನುತ್ತಾರೆ, 32 ಮಿಲಿಮೀಟರ್ ಅಗಲದ ಟೈರ್ ಹಾಕಿ ಗಾಳಿ ಸ್ವಲ್ಪ ಕಡಿಮೆ ಬಿಟ್ಟರೆ ಆ ದೂರು ಹೋಗುತ್ತದೆ.

ಸ್ಟೀಲ್ ನನಗೆ ಇಷ್ಟ. ಆದರೆ ಕೊಡಗಿನ ತೇವಕ್ಕೆ ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಪೇಂಟ್ ಹೊಳೆಯುತ್ತಲೇ ಇರುತ್ತದೆ. ಜೋಡಿಸುವ ಮೊದಲು ಟ್ಯೂಬುಗಳ ಒಳಗೆ ತುಕ್ಕು ತಡೆಯುವ ಎಣ್ಣೆ ಸ್ಪ್ರೇ ಮಾಡಿ, ಎಲ್ಲ ಕಡೆ ತಿರುಗಿಸಿ, ಒಂದು ರಾತ್ರಿ ಬಿಡಿ. ಪೆಡಲ್ ತಿರುಗುವ ಅಚ್ಚು ಕೂರುವ ಬಾಟಮ್ ಬ್ರಾಕೆಟ್ (ಬಿಬಿ) ಶೆಲ್ಲಿನ ಅಡಿಯಲ್ಲಿ ನೀರು ಹೋಗಲು ತೂತು ಇದೆಯಾ ನೋಡಿ. ಮಳೆಗಾಲದ ನಡುವೆ ಒಮ್ಮೆ ಸೀಟ್‌ಪೋಸ್ಟ್ ಹೊರಗೆ ಎಳೆಯಿರಿ. ಆಶ್ಚರ್ಯ ಆಗುವಷ್ಟು ನೀರು ಒಳಗಿರುತ್ತದೆ.

ಕಾರ್ಬನ್ ಹೊಸದಾದರೆ ಸಂತೋಷ. ಹಳೆಯದಾದರೆ ಬೆಳಕಿನಲ್ಲಿ ನೋಡದೆ ತಗೊಳ್ಳಬೇಡಿ. ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್ ಸುತ್ತ, ಬಿಬಿ ಸುತ್ತ, ಕ್ಯಾಲಿಪರ್ ಕೂರುವ ಜಾಗದಲ್ಲಿ ಗೆರೆ ಇದೆಯಾ ನೋಡಿ. ಒಂದು ನಾಣ್ಯದಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಹಲಸಿನ ಹಣ್ಣು ತಟ್ಟಿ ನೋಡುವವರಿಗೆ ಇದು ಹೇಳಿಕೊಡಬೇಕಾಗಿಲ್ಲ, ಟಣ್ ಅನ್ನುವ ಕಡೆ ಒಮ್ಮೆಲೇ ಬೊದ್ದು ಸದ್ದು ಬಂದರೆ ಅಲ್ಲೇನೋ ಆಗಿದೆ.

ಫ್ರೇಮ್ ಸೈಜ್ ಹೇಗೆ ನೋಡುವುದು? 54 ಅಂದರೆ 54 ತಾನೆ?

ಅಲ್ಲ. ಒಬ್ಬರ 54 ಇನ್ನೊಬ್ಬರ 52. ಸ್ಟ್ಯಾಕ್, ರೀಚ್ ನೋಡಿ. ಬಿಬಿಯ ಮಧ್ಯದಿಂದ ಹೆಡ್ ಟ್ಯೂಬಿನ ಮೇಲ್ತುದಿಗೆ ನೇರ ಎತ್ತರ ಎಷ್ಟೋ ಅದು ಸ್ಟ್ಯಾಕ್. ಅಲ್ಲಿಗೇ ಅಡ್ಡಕ್ಕೆ ಎಷ್ಟು ದೂರವೋ ಅದು ರೀಚ್. ಈಗಿರುವ ಸೈಕಲ್ಲಿನಲ್ಲಿ ಬೆನ್ನು ನೋಯುವುದಿಲ್ಲ ಅಂದರೆ ಅದರ ಎರಡೂ ಅಳತೆ ಹಿಡಿದು ಹೋಲಿಸಿ. ಇಲ್ಲಿ ಸಮತಟ್ಟು ರಸ್ತೆ ಅನ್ನುವುದು ಕುಶಾಲನಗರದ ಕಡೆ ಸ್ವಲ್ಪ ಸಿಕ್ಕರೆ ಉಂಟು, ಉಳಿದಂತೆ ಹತ್ತು, ಇಳಿ. ಹತ್ತುವಾಗ ಒಂದು ಗಂಟೆ ಕೂತಲ್ಲೇ ಕೂರಬೇಕು, ಇಳಿಯುವಾಗ ಕುತ್ತಿಗೆ ಎತ್ತಿ ನೋಡಬೇಕು. ಆದ್ದರಿಂದ ಸ್ಟ್ಯಾಕ್ ಸ್ವಲ್ಪ ಜಾಸ್ತಿ ಇರುವ ಎಂಡ್ಯೂರೆನ್ಸ್ ಜಾತಿಯ ಫ್ರೇಮ್ ನೋಡಿ. ಬಗ್ಗಿ ಓಡಿಸುವ ರೇಸ್ ಫ್ರೇಮ್ ತಂದು ಅದರ ಮೇಲೆ ಸ್ಪೇಸರ್ (ಹ್ಯಾಂಡಲ್ ಎತ್ತರಿಸುವ ಬಳೆ) ಗೋಪುರ ಕಟ್ಟುವುದು ಬೇಡ, ಕಾರ್ಬನ್ ಸ್ಟೀರರ್ (ಫೋರ್ಕಿನ ಮೇಲಿನ ಕೊಳವೆ) ಆದರೆ ಅದು ಅಪಾಯ ಕೂಡ.

ಟೈರಿಗೆ ಎಷ್ಟು ಜಾಗ ಇರಬೇಕು?

ಮಡ್‌ಗಾರ್ಡ್ ಇಲ್ಲದೆ 38ರಿಂದ 40 ಹಿಡಿಸುವ ಫ್ರೇಮ್ ತಗೊಂಡರೆ, 32ರ ಟೈರ್ ಮೇಲೆ ಮಡ್‌ಗಾರ್ಡ್ ಆರಾಮಾಗಿ ಕೂರುತ್ತದೆ. ನಮ್ಮಲ್ಲಿ ಮಡ್‌ಗಾರ್ಡ್ ಶೋಕಿ ಅಲ್ಲ. ಒದ್ದೆ ಸಿಲ್ವರ್ ಓಕ್ ಎಲೆ, ಕೆಸರು ಎರಡೂ ಸೇರಿ ಫೋರ್ಕಿನ ಸಂದಿಯಲ್ಲಿ ಮೆತ್ತಿಕೊಂಡರೆ ಚಕ್ರವೇ ನಿಲ್ಲುತ್ತದೆ. ಮಡ್‌ಗಾರ್ಡ್ ಕೂರಿಸುವ ತೂತು ಫ್ರೇಮಿನಲ್ಲೂ ಫೋರ್ಕಿನಲ್ಲೂ ಇದೆಯಾ ಅಂತ ಫೋಟೋ ದೊಡ್ಡದು ಮಾಡಿ ನೋಡಿ.

ಬಿಬಿ ಯಾವುದು?

ಥ್ರೆಡ್ ಇರುವ ಬಿಎಸ್‌ಎ, 68 ಮಿಲಿಮೀಟರ್. ಒತ್ತಿ ಕೂರಿಸುವ ಪ್ರೆಸ್‌ಫಿಟ್ ಮಳೆಯಲ್ಲಿ ಕಿರ್ ಕಿರ್ ಅನ್ನಲು ಶುರು ಮಾಡಿದರೆ ತಲೆ ಕೆಡುತ್ತದೆ, ತೆಗೆಯಲು ಬೇರೆ ಟೂಲ್, ಹಾಕಲು ಬೇರೆ ಟೂಲ್. ಇದೊಂದೇ ಕಾರಣಕ್ಕೆ ನಾನು ಒಳ್ಳೊಳ್ಳೆ ಫ್ರೇಮ್ ಬಿಟ್ಟಿದ್ದೇನೆ.

ಪೈಪ್ ಎಲ್ಲ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್ ಒಳಗಿಂದ ಹೋಗುವ ಫ್ರೇಮ್ ಚೆಂದ ಅಲ್ವಾ?

ನೋಡಲು ತುಂಬಾ ಚೆಂದ. ಮುಂದಿನ ಚಕ್ರ ಎರಚುವ ನೀರು ನೇರ ಕೆಳಗಿನ ಬೇರಿಂಗಿಗೆ ಹೊಡೆಯುತ್ತದೆ, ನಮ್ಮ ಮಳೆಗೆ ಅದು ಬೇಗ ಹೋಗುತ್ತದೆ. ಸಾಮಾನ್ಯ ಫ್ರೇಮಿನಲ್ಲಿ ಹತ್ತು ನಿಮಿಷದ ಕೆಲಸ. ಈ ಚೆಂದದ ಫ್ರೇಮಿನಲ್ಲಿ ಜೊತೆಗೆ ಮೇಲಿನ ಬೇರಿಂಗೂ ಬದಲಾಯಿಸುವುದಾದರೆ ಬ್ರೇಕ್ ಪೈಪ್ ಬಿಚ್ಚಬೇಕು, ಮತ್ತೆ ಹಾಕಿ ಬ್ಲೀಡ್ ಮಾಡಬೇಕು. ಬೆಂಗಳೂರಿನಲ್ಲಿ ಇದ್ದವರು ತಗೊಳ್ಳಲಿ. ಡೌನ್ ಟ್ಯೂಬಿನ ಪಕ್ಕದಿಂದ ಒಳಗೆ ಹೋಗುವ ಸಾದಾ ಬಗೆ ನಮಗೆ ಸಾಕು.

ಲಿವರ್ ತರಿಸಿದೆ, ಎಡಗೈ ಮುಂದಿನ ಬ್ರೇಕ್ ಬಂದಿದೆ. ಏನು ಮಾಡಲಿ?

ನಮ್ಮಲ್ಲಿ ಬೈಕಿನ ಹಾಗೆ ಬಲಗೈ ಮುಂದಿನ ಬ್ರೇಕ್. ಹೊರದೇಶಕ್ಕೆ ಅಂತ ಮಾಡಿದ ಸೆಟ್ಟಿನಲ್ಲಿ ಎಡಗೈ ಮುಂದಕ್ಕೆ ಜೋಡಿಸಿ ಎಣ್ಣೆ ತುಂಬಿಸಿ ಬಂದಿರುತ್ತದೆ. ಅಭ್ಯಾಸ ಮಾಡಿಕೊಳ್ಳುತ್ತೇನೆ ಅನ್ನಬೇಡಿ. ದಿನಾ ಬೈಕ್ ಓಡಿಸುವವರ ಕೈ ಗಾಬರಿಯಲ್ಲಿ ಬೈಕಿನದ್ದೇ ಅಭ್ಯಾಸ ಮಾಡುತ್ತದೆ. ಪೈಪ್ ಅದಲುಬದಲು ಮಾಡಿ ಬ್ಲೀಡ್ ಮಾಡಿಸಿ. ಜೋಡಿಸುವ ಮೊದಲೇ ಮಾಡಿದರೆ ಒಂದು ಕೆಲಸ ಉಳಿಯುತ್ತದೆ.

ಪ್ಯಾಡ್ ರೆಸಿನ್ನಾ, ಮೆಟಲ್ಲಾ?

ಬೇಸಿಗೆಗೆ ರೆಸಿನ್. ಸದ್ದಿಲ್ಲ, ಮೊದಲ ಹಿಡಿತ ಚೆನ್ನಾಗಿದೆ. ಮಳೆಗಾಲಕ್ಕೆ ಮೆಟಲ್, ಕೆಸರಿನಲ್ಲಿ ರೆಸಿನ್ ಸೋಪಿನ ಹಾಗೆ ಕರಗುತ್ತದೆ. ಆದರೆ ರೋಟರ್ ಮೇಲೆ ರೆಸಿನ್ ಮಾತ್ರ ಅಂತ ಬರೆದಿದ್ದರೆ ಮೆಟಲ್ ಪ್ಯಾಡ್ ಹಾಕಬಾರದು, ರೋಟರ್ ತಿಂದುಹಾಕುತ್ತದೆ. ಹೊಸ ಪ್ಯಾಡ್ ಹಾಕಿದ ದಿನವೇ ಘಾಟಿಗೆ ಹೋಗಬೇಡಿ. ಮನೆ ಹತ್ತಿರದ ಸಣ್ಣ ಇಳಿಜಾರಿನಲ್ಲಿ ಇಪ್ಪತ್ತು ಸಲ ವೇಗ ಹಿಡಿದು, ನಿಲ್ಲುವ ಮೊದಲು ಬಿಟ್ಟು, ಮತ್ತೆ ಹಿಡಿದು ಪಳಗಿಸಿ.

ಘಾಟಿ ಇಳಿಯುವಾಗಲೂ ಅಷ್ಟೆ. ಉದ್ದಕ್ಕೂ ಮೆಲ್ಲಗೆ ಹಿಡಿದುಕೊಂಡೇ ಇಳಿಯಬೇಡಿ. ತಿರುವಿಗೆ ಮೊದಲು ಗಟ್ಟಿ ಹಿಡಿದು ಬಿಡಿ, ರೋಟರಿಗೆ ಗಾಳಿ ತಾಗಲಿ.

ಬ್ರೇಕ್ ಕಿರುಚುತ್ತದೆ. ಏನಾಗಿದೆ?

ಒದ್ದೆಯಾದಾಗ ಒಂದೆರಡು ಸೆಕೆಂಡ್ ಕಿರುಚಿದರೆ ಪರವಾಗಿಲ್ಲ. ಒಣಗಿದ ಮೇಲೂ ಕಿರುಚಿ, ಹಿಡಿತವೂ ಇಲ್ಲ ಅಂದರೆ ಪ್ಯಾಡಿಗೆ ಎಣ್ಣೆ ತಾಗಿದೆ. ನನ್ನ ಹೊಸ ಪ್ಯಾಡ್ ಒಂದು ವಾರಕ್ಕೆ ಹಾಳಾಗಿತ್ತು, ಕಾರಣವೇ ಹೊಳೆಯಲಿಲ್ಲ. ಆಮೇಲೆ ನೋಡಿದರೆ ಸೈಕಲ್ ನಿಲ್ಲಿಸುವ ಜಾಗದ ಪಕ್ಕದಲ್ಲೇ ಕಳೆ ಹೊಡೆಯುವ ಮೆಷಿನ್ ಇಟ್ಟು ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿದ್ದರು. ಒಂದು ಹನಿ ಸಾಕು. ಚೈನಿಗೆ ಸ್ಪ್ರೇ ಹೊಡೆಯುವವರೂ ಎಚ್ಚರ, ಹನಿ ಎಣ್ಣೆ ಬಳಸಿ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಪ್ಯಾಡ್ ಒಲೆ ಮೇಲೆ ಹುರಿದರೆ ಸರಿಯಾಗುತ್ತದೆ ಅನ್ನುವವರಿದ್ದಾರೆ, ನನಗೆ ಯಾವತ್ತೂ ಸರಿಯಾಗಿಲ್ಲ, ಅಡುಗೆಮನೆ ವಾಸನೆ ಮಾತ್ರ ಎರಡು ದಿನ ಇತ್ತು.

ಕಿರುಚದೆ ಬರೀ ಶಿಂಗ್ ಶಿಂಗ್ ಅಂತ ತಾಗುತ್ತಿದ್ದರೆ ಕ್ಯಾಲಿಪರ್ ಪಕ್ಕಕ್ಕೆ ಸರಿದಿದೆ. ಬೋಲ್ಟ್ ಸಡಿಲಿಸಿ, ಲಿವರ್ ಗಟ್ಟಿ ಹಿಡಿದು, ಬೋಲ್ಟ್ ಬಿಗಿ ಮಾಡಿ. ಆಮೇಲೂ ತಾಗಿದರೆ ಕ್ಯಾಲಿಪರ್ ಹಿಂದೆ ಬಿಳಿ ಕಾಗದ ಹಿಡಿದು ಟಾರ್ಚ್ ಬಿಡಿ. ರೋಟರಿನ ಎರಡೂ ಕಡೆ ಬಿಳಿ ಗೆರೆ ಕಾಣಬೇಕು. ಯಾವ ಕಡೆ ಗೆರೆ ಇಲ್ಲವೋ ಆ ಕಡೆಯ ಪ್ಯಾಡ್ ತಾಗುತ್ತಿದೆ, ಕ್ಯಾಲಿಪರನ್ನು ಆ ಕಡೆಗೇ ಕೂದಲೆಳೆ ತಳ್ಳಿ.

ಜೀಪಿನಲ್ಲಿ, ಬಸ್ಸಿನಲ್ಲಿ ಹಾಕಿಕೊಂಡು ಹೋಗುವಾಗ?

ಚಕ್ರ ಬಿಚ್ಚಿದರೆ ಪ್ಯಾಡ್ ನಡುವೆ ರಟ್ಟು ಮಡಚಿ ಇಡಿ. ಇಲ್ಲದಿದ್ದರೆ ಯಾರದೋ ಚೀಲ ಲಿವರ್ ಮೇಲೆ ಬಿದ್ದು ಎರಡೂ ಪ್ಯಾಡ್ ಅಂಟಿಕೊಳ್ಳುತ್ತವೆ, ಆಮೇಲೆ ರೋಟರ್ ಒಳಗೆ ಹೋಗುವುದಿಲ್ಲ. ಹಾಗಾದರೆ ಪ್ಯಾಡ್ ತೆಗೆದು ಪ್ಲಾಸ್ಟಿಕ್ ಟೈರ್ ಲಿವರಿನಲ್ಲಿ ಪಿಸ್ಟನ್ ಹಿಂದಕ್ಕೆ ಒತ್ತಿ, ಸ್ಕ್ರೂಡ್ರೈವರ್ ಬೇಡ. ಸೈಕಲ್ ತುಂಬಾ ಹೊತ್ತು ತಲೆಕೆಳಗೆ ಇಟ್ಟರೆ ಒಳಗಿನ ಗಾಳಿ ಪೈಪಿಗೆ ಬಂದು ಲಿವರ್ ಮೆತ್ತಗಾಗಬಹುದು. ನೆಟ್ಟಗೆ ನಿಲ್ಲಿಸಿ ಹತ್ತಾರು ಸಲ ಹಿಂಡಿ. ಹೋಗದಿದ್ದರೆ ಬ್ಲೀಡ್ ಮಾಡಲೇಬೇಕು.

ದುಡ್ಡು ಎಲ್ಲಿ ಉಳಿಸಬಹುದು?

ಸೀಟ್‌ಪೋಸ್ಟ್, ಹ್ಯಾಂಡಲ್, ಕ್ಯಾಸೆಟ್, ಗೇರಿನ ದರ್ಜೆ. ಟೈರ್, ಪ್ಯಾಡ್, ಕ್ಯಾಲಿಪರಿನಲ್ಲಿ ಬೇಡ. ಡಿಸ್ಕಿನಿಂದ ತೂಕ ಕೆಲವು ನೂರು ಗ್ರಾಂ ಜಾಸ್ತಿ ಆಗುತ್ತದೆ ಅಂತ ಅಳುವವರು ಬಂದಾಗ ನಾನು ಅವರ ಬೆನ್ನಿನ ಚೀಲ ಎತ್ತಿ ನೋಡುತ್ತೇನೆ.

ನೀವೇ ಜೋಡಿಸಿ ಕೊಡುತ್ತೀರಾ?

ದುಡ್ಡಿಗಲ್ಲ. ಜೊತೆಗೆ ಕೂತು ಮಾಡೋಣ ಅಂದರೆ ಬನ್ನಿ. ಡಿಸೆಂಬರಿನಿಂದ ಫೆಬ್ರವರಿ ತನಕ ಮಾತ್ರ ಬೇಡ, ಕಾಫಿ ಕೊಯ್ಲು, ಗೋಡೌನಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಬರುವಾಗ ಫ್ರೇಮ್ ಮರೆತರೂ ಪರವಾಗಿಲ್ಲ, ಇನ್ನೊಂದು ದಿನ ಬಂದರಾಯಿತು. ಫ್ರೇಮ್ ತಂದು ಆಕ್ಸಲ್ ಮರೆಯಬೇಡಿ. ಜಂತೆಯಲ್ಲಿ ಆ ಕೊಕ್ಕೆ ಇನ್ನೂ ಹಾಗೇ ಇದೆ.